ಅರ್ಧ ತಾಸು

ಮನೆ ಪಕ್ಕದ ಗ್ಯಾರೇಜಿನೆದುರು ಚಟ್ಟ ಹೆಗಲಿಗೇರಿತ್ತು. ಅಷ್ಟರಲ್ಲಿ ಮುದುಕಿಯೊಬ್ಬಳು ಟಾಂಗಾ ಇಳಿದು ಅಡ್ಡ ಬಂದು ನಿಂತಳು.

"ತಡೀರಿ, ಕೆಳಗ ಇಡ್ರಿ. ನಾ ಬೀದರಿನ ಜಾಗೀರದಾರರ ಮಗಳು, ಅನ್ವರಿ ಬೇಗಂ. ಮಿಸ್ತ್ರಿ ಮಾರಿ ನೋಡಿ ಹೋಗ್ತೇನಿ."

ಹೆಸರು ಕೇಳಿದ್ದೇ ಸುಭದ್ರಾಬಾಯಿ ಗೋಡೆಗೆ ಸರಿದು ನಿಂತಳು. ಗಂಡ ಗೋರಖನಾಥ ಸತ್ತ ದುಃಖ ಒಂದು ಕಡೆ ಇರಲಿ, ಮೂವತ್ತೈದು ವರ್ಷ ಮುಚ್ಚಿಟ್ಟದ್ದು ಈಗ ಭಾಲ್ಕಿಯ ಓಣಿಯೆದುರು ಬಯಲಾಗುತ್ತದಲ್ಲ ಎಂಬ ಭಯ ಆಕೆಯನ್ನು ಹಿಡಿಯಿತು.

ಚಟ್ಟ ಇಳಿಸಿದ ಏಕನಾಥ ಗಂಡನ ಹಳೆಯ ಜೊತೆಗಾರ. "ಎಂಥಾ ಮಿಸ್ತ್ರಿ! ರಿಪೇರಿ ಮುಗುದ್ರೂ ಗಾಡೀನ ಅರ್ಧ ತಾಸು ಸುಮ್ನ ಕೂಡಸ್ತಿದ್ದ. ಗ್ಯಾರೇಜಿಗಿ ಬಾಗಲಾನೂ ಹಚ್ಚಲಿಲ್ಲ. ಕಳ್ಳರಿಗಿ ಭಾಳ ಸವಲತ್ತು ಮಾಡಿಟ್ಟಿದ್ದ," ಎಂದ.

ಜನ ಅಳುತ್ತಲೇ ನಕ್ಕರು. ಸುಭದ್ರಾಬಾಯಿಗೆ ನಗು ಬರಲಿಲ್ಲ. ಕಾರಣ ಆಕೆಗೊಬ್ಬಳಿಗೇ ಗೊತ್ತಿತ್ತು.

*

ಭಾರತದ ಸೈನ್ಯ ನುಗ್ಗಿ ಜಾಗೀರದಾರರು ಊರು ಬಿಟ್ಟು ಓಡುತ್ತಿದ್ದ ಪೊಲೀಸ್ ಆಕ್ಷನ್ನಿನ ವಾರ. ಬೀದರಿನ ಜಾಗೀರದಾರರ ಮೋಟಾರು ಇಡುವ ಕೋಣೆಯಲ್ಲಿ ಗೋರಖನಾಥ ಅಮೆರಿಕದ ಕಾರಿನ ಇಂಜಿನ್ನು ಪೂರ್ತಿ ಬಿಚ್ಚಿ ಜೋಡಿಸಿದ್ದ. ಉಳಿದದ್ದು ವಾಲ್ವ್ ಎತ್ತುವ ಲಿಫ್ಟರುಗಳ ಬಿಗಿ. ಅವುಗಳ ಹೊಟ್ಟೆ ತುಂಬ ಎಣ್ಣೆ. ನಟ್ಟು ಅರ್ಧ ಸುತ್ತು ಬಿಗಿದು ಅರ್ಧ ತಾಸು ಕಾಯಬೇಕು, ಹೆಚ್ಚಿನ ಎಣ್ಣೆ ಜಿನುಗಿ ಅವು ಕೆಳಗೆ ಕೂರಬೇಕು. ಅವಸರ ಮಾಡಿದರೆ ವಾಲ್ವ್ ಮುಚ್ಚದೆ ಪಿಸ್ಟನ್ನಿಗೆ ಬಡಿದು ಬಗ್ಗುತ್ತದೆ.

ಜಾಗೀರದಾರರ ಮಗ ಅಯ್ಯುಬ ಹೊರಗಿನಿಂದ ಬೀಗ ಜಡಿದಿದ್ದ. "ಗಾಡಿ ತಯಾರ್ ಆದ ಮ್ಯಾಲೇ ಬಾಗಲಾ ತೆಗೀತೇನಿ!"

ಓಣಿಯಲ್ಲಿ ಗದ್ದಲ ಏರುತ್ತಿತ್ತು. ಆಗ ಮನೆಯಿದ್ದ ಎಕಂಬಾದಲ್ಲಿ ಬಸುರಿ ಹೆಂಡತಿ ಒಬ್ಬಳೇ ಇದ್ದಳು. ಗೋರಖನಾಥ ಕೊನೆಯ ನಟ್ಟು ಬಿಗಿದವನೇ "ತಯಾರ್!" ಎಂದು ಕೂಗಿದ. ಅಯ್ಯುಬ ಬೀಗ ತೆಗೆಯುತ್ತಲೇ ಕಾಲಿಗೆ ಬುದ್ಧಿ ಹೇಳಿದ.

ಊರು ಬಿಟ್ಟು ಹೊರಟ ಕಾರು ಕುಂಟುತ್ತ ಹೋಗಿ ಖಟಕ ಚಿಂಚೋಳಿ ಹತ್ತಿರ ನಿಂತುಬಿಟ್ಟಿತು. ಸಹಾಯ ಹುಡುಕಿ ಇಳಿದುಹೋದ ಅಯ್ಯುಬ ತಿರುಗಿ ಬರಲಿಲ್ಲ.

"ಸುಳ್ಳ ಹೇಳಿ ಒಬ್ಬನ ಜೀವಾ ತಗೊಂಡೆ," ಎಂದು ಗೋರಖನಾಥ ಹೆಂಡತಿಗಷ್ಟೇ ಹೇಳಿದ್ದ. "ಅವರ ಪೈಕಿ ಯಾರರ ಬಂದ್ರ ನೀನೇ ಹೇಳು. ನನ್ನ ಕೈಲಿ ಆಗಂಗಿಲ್ಲ."

*

ಅನ್ವರಿ ಬೇಗಂ ಸುಭದ್ರಾಬಾಯಿಯ ಎರಡೂ ಕೈ ಹಿಡಿದುಕೊಂಡಳು.

"ಬಾಯಿ, ಆವತ್ತು ಅಣ್ಣ ಬೀಗದ ಕೀಲಿ ನನ್ನ ಕೈಯಾಗ ಕೊಟ್ಟಿದ್ದ. ‘ತೆಗೀರಿ ಅಮ್ಮಾ, ಮನ್ಯಾಗ ಬಸುರಿ ಹೆಂಡ್ತಿ ಅದಾಳ’ ಅಂತ ನಿನ್ನ ಗಂಡ ಒಳಗಿಂದ ಬೇಡ್ಕೊಂಡ. ಅಯ್ಯುಬ ಅಣ್ಣಗ ಅಂಜಿ ನಾ ತೆಗೀಲಿಲ್ಲ. ಮಾಫಿ ಕೇಳ್ಲಾಕ ಬಂದೀನಿ."

ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಸುಭದ್ರಾಬಾಯಿ ಗಂಡನ ಮುಖ ನೋಡಿದಳು.

"ಮಾಫಿ ನಾವು ಕೇಳಬೇಕ್ರಿ. ಗಾಡಿ ತಯಾರ್ ಆಗಿದ್ದಿಲ್ಲ. ಅರ್ಧ ತಾಸು ಕಾಯೋದಿತ್ತು, ಇವರು ಕಾಯಲಿಲ್ಲ. ಅದಕ್ಕೇ ನಿಮ್ಮ ಗಾಡಿ ನಿಂತಿತ್ರಿ."

ಬೇಗಂ ಕೈ ಬಿಟ್ಟಳು.

"ಬಿಸಲ ಏರ್ಲಕತ್ತದ, ಎತ್ರಿ," ಎಂದು ಯಾರೋ ಅಂದರು.

"ಬ್ಯಾಡ್ರಿ." ಬೇಗಂ ಸೆರಗು ಸರಿಮಾಡಿಕೊಂಡು ಚಟ್ಟದ ಪಕ್ಕ ಮಣ್ಣಿನಲ್ಲೇ ಕೂತಳು. "ಅರ್ಧ ತಾಸು ಇರಲಿ."

ಸುಭದ್ರಾಬಾಯಿ ಇನ್ನೊಂದು ಪಕ್ಕಕ್ಕೆ ಕೂತಳು. ಬಾಗಿಲಿಲ್ಲದ ಗ್ಯಾರೇಜಿನೆದುರು ಏಕನಾಥ ಕೈಗಡಿಯಾರ ನೋಡಿಕೊಂಡು ಹೂವಿನ ಬುಟ್ಟಿಯನ್ನು ಕೆಳಗಿಟ್ಟ.