ತೊಲೆಗೆ ಕಟ್ಟಿದ ಜೋಳಿಗೆಗಳು

ಸತ್ಯವ್ವ ಬೆಂಚಿನ ಮೇಲೆ ನಿಂತು ತೊಲೆಗೆ ಕಟ್ಟಿದ್ದ, ಕೂಸು ತೂಗುವ ಕೊನೆಯ ಜೋಳಿಗೆಯ ಗಂಟು ಬಿಚ್ಚುತ್ತಿದ್ದಳು. ಕೂಸಿನ ಭಾರಕ್ಕೆ ಬಿಗಿದ ಗಂಟು ಬೆರಳಿಗೆ ಬಗ್ಗಲಿಲ್ಲ, ಹಲ್ಲಿನಿಂದ ಎಳೆದಳು. ಹಳೆಯ ಸೀರೆಯ ಜೋಳಿಗೆ ಕೆಳಗೆ ಬಿದ್ದಾಗ ಎಣ್ಣೆ, ಹಾಲು, ಉಚ್ಚೆಯ ವಾಸನೆ ಎದ್ದಿತು. ಹಗ್ಗ ಉಜ್ಜಿ ಉಜ್ಜಿ ತೊಲೆಯ ಮೇಲೆ ಒಂದು ಗೆರೆ ಬಿದ್ದಿತ್ತು. ಅದನ್ನು ಸೆರಗಿನಿಂದ ಒರೆಸಿದಳು. ಅದು ಇನ್ನಷ್ಟು ಹೊಳೆಯಿತು.

ಕೆಳಗೆ ಪಾಸ್ಟರ್ ತಮ್ಮಣ್ಣ, ಅವಳ ಸ್ವಂತ ಚಿಕ್ಕಪ್ಪ, ಗೋಡೆಯ ಮೇಲಿನ ಕಾಡಿಗೆಯ ಪುಟ್ಟ ಕೈಗುರುತುಗಳಿಗೆ ಸುಣ್ಣ ಬಳಿಯುತ್ತಿದ್ದರು.

ಖಾನಾಪುರದ ಆ ಸಣ್ಣ ಚರ್ಚಿನಲ್ಲಿ ಭಾನುವಾರ ಪ್ರಾರ್ಥನೆ; ಉಳಿದ ದಿನ ಕೂಸುಗಳ ನಿದ್ದೆ. ಹಂಚಿನ ಭಟ್ಟಿಗೆ ಮಣ್ಣು ಹೊರಲು ಹೋಗುವ ಹೆಂಗಸರು ಬೆಳಿಗ್ಗೆ ಕೂಸುಗಳನ್ನು ಸತ್ಯವ್ವನ ಬಳಿ ಬಿಟ್ಟು ಸಂಜೆ ಒಯ್ಯುತ್ತಿದ್ದರು. ಅದನ್ನು ಯಾರೂ ಯೋಚಿಸಿ ಶುರುಮಾಡಿರಲಿಲ್ಲ. ಅವ್ವ ಸತ್ತಾಗ ಏಳನೆಯ ಇಯತ್ತೆಗೆ ಸಾಲೆ ಬಿಟ್ಟ ಸತ್ಯವ್ವ ಇಲ್ಲಿ ತಮ್ಮನನ್ನು ತೂಗುತ್ತಿದ್ದಳು. ಅದನ್ನು ಕಂಡ ಒಬ್ಬಾಕೆ ತನ್ನ ಕೂಸನ್ನೂ ಬಿಟ್ಟು ಹೋದಳು, ಆಮೇಲೆ ಇನ್ನೊಬ್ಬಳು. ತಮ್ಮ ಈಗ ಸಾಲೆಗೆ ಹೋಗುತ್ತಿದ್ದ. ದೊಡ್ಡವರ ಮುಂದೆ ಬಾಯಿ ಬಿಡದ ಸತ್ಯವ್ವ ಕೂಸುಗಳ ಜೊತೆ ಮಾತ್ರ ಸಂಜೆಯವರೆಗೆ ಹರಟುತ್ತಿದ್ದಳು.

ಸೇವೆಯನ್ನು ಬೆಳೆಸಬಯಸುವ ಚರ್ಚ್ ಸಭೆಗಳಿಗಾಗಿ ಹೊರದೇಶದಿಂದ ಬೆಳಗಾವಿಗೆ ಅನುದಾನ ಬಂದಿದೆ ಎಂಬ ಸುದ್ದಿ ತಮ್ಮಣ್ಣನವರಿಗೆ ಮಳೆಗಾಲದ ಕೊನೆಗೆ ಸಿಕ್ಕಿತ್ತು. ಕೂಸುಗಳಿಗೊಂದು ಬೇರೆ ಕೋಣೆ, ಹಾಲಿನ ಪುಡಿ, ಆಟದ ಸಾಮಾನು ಎಂದು ಅವರು ಊಟದ ನಡುವೆಯೂ ಹೇಳುತ್ತಿದ್ದರು. ಇವತ್ತು ಅನುದಾನ ಹಂಚುವ ಅಲ್ಲಿಯ ಕಮೀಟಿಯ ಮಹಿಳೆಯೊಬ್ಬರು ನೋಡಲು ಬರುವವರಿದ್ದರು. ಕೂಸು ತರಬೇಡಿರೆಂದು ತಾಯಂದಿರಿಗೆ ನಿನ್ನೆಯೇ ಹೇಳಿಯಾಗಿತ್ತು.

"ಕಾಕಾ, ಕೂಸುಗೋಳ ಸಲುವಾಗಿ ರೊಕ್ಕಾ ಕೇಳಾಕ ಹತ್ತೀರಿ. ಕೂಸುಗೋಳ್ನ ಯಾಕ ಮುಚ್ಚಿಡೂದು?"

"ಎಷ್ಟ ಸಲಾ ಹೇಳ್ಬೇಕವ್ವಾ ನಿನಗ? ಹೊಸಾ ಕೆಲಸಕ್ಕಷ್ಟ ಕೊಡ್ತಾರ. ಮೊದಲಿಂದ ನಡದೈತಿ ಅಂತ ಗೊತ್ತಾತಂದ್ರ, ಹಂಗ ನಡೀಲಿ ಬಿಡು ಅಂತಾರ."

"ಅಂದ್ರ ಇದ್ದದ್ದಕ್ಕ ಕೊಡೂದಿಲ್ಲ, ಇಲ್ಲದ್ದಕ್ಕ ಕೊಡ್ತಾರ?"

ತಮ್ಮಣ್ಣ ಕುಂಚ ಹಿಡಿದು ನಿಂತರು. ಅವರಿಗೂ ಅದು ಪೂರ್ತಿ ಹೊಳೆದಂತಿರಲಿಲ್ಲ. "ಹೂಂ, ಹಂಗ ಏನೋ ಐತಿ. ನೀ ಇಳೀ ಕೆಳಗ."

ಕಮೀಟಿಯವರಾದ, ಬೆಳಗಾವಿಯ ಟಿಳಕವಾಡಿಯ ಮನೋರಮಾಬಾಯಿ ಮುಂಜಾನೆಯ ರೈಲಿಗೆ ಬಂದರು. ಛತ್ರಿಯನ್ನು ಗೋಡೆಗೆ ಒರಗಿಸಹೋಗಿ, ಹಸಿ ಸುಣ್ಣ ಕಂಡು ಕೈಯಲ್ಲೇ ಇಟ್ಟುಕೊಂಡರು.

"ಛಲೋ ಜಾಗಾ ಐತಿ. ಇಲ್ಲಿ ಕೂಸುಗಳ ಬಾಲವಾಡಿ ಮಾಡ್ಬೇಕಂತೀರಿ?"

"ಹೌದ್ರಿ ಬಾಯಾರ. ಈಗೇನೂ ಇಲ್ರಿ ಇಲ್ಲಿ."

ಚಹಾ ತಂದ ಸತ್ಯವ್ವ ಬಾಗಿಲಲ್ಲಿ ತಡೆದು ನಿಂತಳು. ಕಾಕಾ ಹೇಳಿಕೊಟ್ಟಿದ್ದ ಮಾತೇ ಅದು. ಆದರೂ ಬೇರೆಯವರೆದುರು ಕೇಳಿದಾಗ ತಾನು ಇಷ್ಟು ವರ್ಷ ಎಲ್ಲಿದ್ದೆ ಎಂದು ಒಂದು ಕ್ಷಣ ಅವಳಿಗೇ ತಿಳಿಯಲಿಲ್ಲ. ಚಹಾದ ತಟ್ಟೆಯನ್ನು ಬೆಂಚಿನ ಮೇಲಿಟ್ಟಳು.

ಅಷ್ಟರಲ್ಲಿ ಭಟ್ಟಿಯಲ್ಲಿ ಮಣ್ಣು ಹೊರುವ ಮದರಬೀ ಮೊಮ್ಮಗನನ್ನು ಸೊಂಟದ ಮೇಲೆ ಹೊತ್ತು ಒಳಗೆ ನುಗ್ಗಿದಳು. ತನಗೆ ಜ್ವರವೆಂದು ನಿನ್ನೆ ಅವಳು ಬಂದಿರಲಿಲ್ಲ. ಕೂಸು ತರಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಏ ಸತ್ಯಾ, ನಮ್ಮ ನವಾಬನ ಜೋಳಿಗಿ ಎಲ್ಲಿ ಹಾರಿಹೋತು? ಪಾಸ್ಟರ್ ಸಾಹೇಬ್ರ, ಸುಣ್ಣಾ ಹಚ್ಚೀರಿ, ಲಗ್ನಾ ಯಾರದ್ರಿ?" ಎನ್ನುತ್ತಲೇ ಕೂಸನ್ನು ಸತ್ಯವ್ವನ ಕೈಗೆ ದಾಟಿಸಿದಳು.

ತಮ್ಮಣ್ಣ ಕೆಮ್ಮಿದರು.

"ದಿನಾ ಇಲ್ಲೇ ಬಿಡ್ತೀಯೇನವಾ?" ಮನೋರಮಾಬಾಯಿ ಕೇಳಿದರು.

"ಮತ್ತ? ಮಣ್ಣಿನ ಬುಟ್ಟ್ಯಾಗ ಹಾಕಿ ಹೊರ್ಲೇನ್ರಿ ಇವನ್ನ? ಊರಾಗಿನ ಅರ್ಧಾ ಕೂಸು ಇಕಿ ಕೈಯಾಗ ದೊಡ್ಡವಾಗ್ಯಾವ." ಭಟ್ಟಿಗೆ ಹೊತ್ತಾಯಿತೆಂದು ಅವಳು ಓಡಿದಳು.

ಮನೋರಮಾಬಾಯಿ ತಲೆಯೆತ್ತಿ ತೊಲೆಯ ಮೇಲಿನ ಗೆರೆಗಳನ್ನು ನೋಡಿದರು. ಸಿಟ್ಟಾದಂತೆ ಕಾಣಲಿಲ್ಲ. ದಾರಿ ತಪ್ಪಿದವರಂತೆ ಕೇಳಿದರು, "ಇದು ಮೊದಲಿಂದ ನಡದೈತಲ್ಲ ಪಾಸ್ಟರ್? ಹೊಸಾದು ಅಂತ ಕಮೀಟಿಗೆ ನಾ ಹೆಂಗ ಹೇಳ್ಲಿ?"

ತಮ್ಮಣ್ಣ ಕೈ ಒರೆಸಿಕೊಂಡರು. "ಬಾಯಾರ, ಬೆಳಗಾವಿಯಿಂದ ಒಬ್ಬಾಕಿನ್ನ ಕರಸ್ತೀವ್ರಿ. ಮ್ಯಾಟ್ರಿಕ್ ಆದಾಕಿನ್ನ. ಹಾಡು, ಅಕ್ಷರಾ ಎಲ್ಲಾ ಕಲಸ್ತಾಳ. ಅದು ಹೊಸಾದ ಅಲ್ಲೇನ್ರಿ? ಇದೇನು, ನಮ್ಮ ಹುಡುಗಿ ಸುಮ್ನ ತೂಗತಿದ್ಲು."

"ಹಂಗಂದ್ರ ಕಮೀಟಿ ನಿಯಮದಾಗ ಕುಂದರತೈತಿ ನೋಡ್ರಿ," ಎಂದು ಮನೋರಮಾಬಾಯಿ ಉಸಿರು ಬಿಟ್ಟರು. ತಮ್ಮಣ್ಣ ನಕ್ಕರು. ಕೆಲಸ ಆಯಿತೆಂದು ಸತ್ಯವ್ವನೂ ನಕ್ಕಳು. ನಕ್ಕ ಮೇಲೆ, ಏನು ಆಯಿತೆಂದು ಮೆಲ್ಲಗೆ ತಿಳಿಯತೊಡಗಿತು. ಕೋಣೆ ಬರುತ್ತದೆ, ಹಾಲು ಬರುತ್ತದೆ; ಕೂಸು ನೋಡುವ ಕೆಲಸ ಮಾತ್ರ ಬೇರೆಯವಳಿಗೆ ಹೋಗುತ್ತದೆ. ಬೇಡವೆನ್ನಲು ಅವಳಿಗೆ ಮನಸ್ಸಿರಲಿಲ್ಲ. ಬರಲಿ ಎನ್ನಲೂ ಆಗಲಿಲ್ಲ.

ಹೆಗಲ ಮೇಲಿನ ಕೂಸು ಜೋಳಿಗೆಯನ್ನು ಹುಡುಕುವಂತೆ ಮೇಲೆ ನೋಡುತ್ತಿತ್ತು. ಅವಳು ನಿಂತಲ್ಲೇ ತೂಗಿದಳು.

"ಕಾಕಾ," ಎಂದಳು. ದನಿ ಹೊರಗೆ ಬಂದಿತೋ ಇಲ್ಲವೋ ಎಂದು ಮತ್ತೊಮ್ಮೆ, "ಕಾಕಾ."

ತಮ್ಮಣ್ಣ ಮರಳಿ ಹೋಗುವ ರೈಲಿನ ಹೊತ್ತು ಹೇಳುತ್ತಿದ್ದರು. ಮನೋರಮಾಬಾಯಿ ಚಹಾದಲ್ಲಿ ಬಿದ್ದ ಸುಣ್ಣದ ಚೂರನ್ನು ಬೆರಳಿನಿಂದ ತೆಗೆಯುತ್ತಿದ್ದರು.

"ಆ ಮ್ಯಾಟ್ರಿಕ್ ಆದಾಕಿ ಬಂದ ಮ್ಯಾಲೂ ಜೋಳಿಗಿ ಕಟ್ಟೂದನ್ನರ ನನಗ ಬಿಡ್ರಿ."