ಮೇಲ್‌ನ ಕೆಳಗಿನ ಸಾಲು

"ಕ್ವಾರಿಯವನ ಕೈಲಿ ಎಷ್ಟು ಈಸ್ಕೊಂಡೆ ಏಳಮ್ಮಿ!"

ಗುಂಡ್ಲುಪೇಟೆಯಲ್ಲಿ ರಂಜಿನಿ ನಡೆಸುತ್ತಿದ್ದ ಸೈಬರ್ ಸೆಂಟರಿಗೆ ನುಗ್ಗಿದ ಶಿವಸ್ವಾಮಿ ಗಿರಾಕಿಗಳ ಎದುರೇ ಕೂಗಾಡಿದ.

ಹರವೆ ಕಡೆಯ ಗುಡ್ಡಕ್ಕೆ ಕರಿಕಲ್ಲಿನ ಕ್ವಾರಿ ಬರುವುದನ್ನು ತಡೆಯಲು ಹೊರಗೆ ನೌಕರಿಯಲ್ಲಿದ್ದ ಆ ಸೀಮೆಯವರೆಲ್ಲ ಒಂದು ಇ-ಮೇಲ್ ಗುಂಪು ಮಾಡಿಕೊಂಡಿದ್ದರು. ಗುಂಪಿಗೆ ಯಾರು ಮೇಲ್ ಹಾಕಿದರೂ ಎಲ್ಲರಿಗೂ ಹೋಗುತ್ತಿತ್ತು. ಅವರು ಊರಿಗೆ ಫೋನ್ ಮಾಡಿ ಜನ ಸೇರಿಸುತ್ತಿದ್ದರು. ಗುಂಪಿನ ಉಸ್ತುವಾರಿ ರಂಜಿನಿಯದು. ಕ್ವಾರಿ ಬಗ್ಗೆ ಜನರ ಅಹವಾಲು ಕೇಳುವ ಸಭೆ ಸೋಮವಾರವಲ್ಲ, ಅದಕ್ಕೂ ಮುಂಚಿನ ಶುಕ್ರವಾರವೇ ಎಂಬ ಸುದ್ದಿ ಸಿಕ್ಕಿದ್ದು ಶಿವಸ್ವಾಮಿಗೆ. ಹರವೆಯವನಾದ ಅವನು ಚಾಮರಾಜನಗರದ ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತ. ಆಫೀಸಿನ ವಿಳಾಸದಿಂದಲೇ ಗುಂಪಿಗೆ ಮೇಲ್ ಹಾಕಿದ. ಶುಕ್ರವಾರ ನೋಡಿದರೆ, ಕ್ವಾರಿಯವರಿಂದ ತುಂಬಿದ ಸಭೆಯಲ್ಲಿ ಬೇಡ ಎನ್ನಲು ಇದ್ದವರು ಅವನು ಮತ್ತು ರಂಜಿನಿ ಮಾತ್ರ. ಅವನ ಮೇಲ್ ಗುಂಪಿನ ಬೇರೆ ಯಾರಿಗೂ ಮುಟ್ಟಿರಲಿಲ್ಲ. ಕ್ವಾರಿಗೆ ಒಪ್ಪಿಗೆ ಸಿಕ್ಕಿತು.

"ನಂಗೆ ಬಂದಿತ್ತಣ್ಣ, ಎಲ್ರಿಗೂ ಬಂದಿರುತ್ತೆ ಅಂದ್ಕೊಂಡೆ."

"ನಿಂಗ್ ಬತ್ತದೆ, ಮಿಕ್ಕೋರ್ಗೆ ಬರಾಕಿಲ್ವ? ಯಾರ್ ಕಿವಿ ಮ್ಯಾಲೆ ಊವ ಮಡಗ್ತಿಯಾ?"

ಅವಮಾನ ರಂಜಿನಿಯನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಇಂಟರ್ನೆಟ್ಟೆಲ್ಲ ಜಾಲಾಡಿ ಕೊನೆಗೂ ಕಾರಣ ಹಿಡಿದಳು. ಇನ್ಶೂರೆನ್ಸ್ ಕಂಪನಿ ಆಚೆಗೆ ಹೋಗುವ ಪ್ರತಿ ಮೇಲ್‌ಗೂ ಈಚೆಗೆ ಒಂದು ಗುಪ್ತ ಮುದ್ರೆ ಒತ್ತುತ್ತಿತ್ತು. ದಾರಿಯಲ್ಲಿ ಒಂದಕ್ಷರ ಬದಲಾದರೂ ಮುದ್ರೆ ಒಡೆಯುತ್ತದೆ, ಅಂಥದ್ದನ್ನು ಎಸೆದುಬಿಡಿ ಎಂದು ಮೇಲ್ ಸೇವೆ ಕೊಡುವ ಕಂಪನಿಗಳಿಗೂ ಸಾರಿತ್ತು. ಗುಂಪಿನ ಮೂಲಕ ಹೋಗುವ ಮೇಲ್‌ಗಳಡಿ ತಾನಾಗಿ ಒಂದು ಸಾಲು ಸೇರುತ್ತಿತ್ತು: "ನಮ್ಮ ಗುಡ್ಡ ಉಳಿಸಿ." ಮುದ್ರೆ ಒಡೆದದ್ದು ಅದರಿಂದ. ರಂಜಿನಿಗೆ ಮೇಲ್ ಸೇವೆ ಕೊಡುವ ಕಂಪನಿ ಮುದ್ರೆಯನ್ನು ನೋಡುತ್ತಿರಲಿಲ್ಲ. ಉಳಿದವರ ಕಂಪನಿ ನೋಡಿ, ಸದ್ದಿಲ್ಲದೆ ಎಸೆದಿತ್ತು.

ಭಾನುವಾರ ಅವಳು ಶಿವಸ್ವಾಮಿಯನ್ನೂ ಗುಂಪಿನ ಗಿರೀಶ್ ಮೇಷ್ಟ್ರನ್ನೂ ಕರೆಸಿದಳು. ಶಿವಸ್ವಾಮಿ ಆಫೀಸಿನ ವಿಳಾಸದಿಂದ ನೇರವಾಗಿ ಕಳಿಸಿದ ಮೇಲ್ ಮೇಷ್ಟ್ರಿಗೆ ಬಂತು. ಗುಂಪಿನ ಮೂಲಕ ಹಾಕಿದ್ದು ಎಷ್ಟು ಕಾದರೂ ಬರಲಿಲ್ಲ. ಕೆಳಗಿನ ಆ ಸಾಲನ್ನು ತೆಗೆದ ಮೇಲೆ ಗುಂಪಿಗೆ ಇನ್ನೊಂದು ಮೇಲ್ ಹಾಕಿಸಿದಳು, ಅದು ಬಂತು.

"ಆ ಸಾಲ ಸೇರ್ಸ್ದೋರ್ಯಾರು?" ಎಂದ ಶಿವಸ್ವಾಮಿ.

"ನಾನೇ."

"ಅಂಗಾರೆ ನೀನೇ ಕೆಡಿಸ್ಬುಟ್ಟೆ ಅಂತಾಯ್ತಲ್ಲ!"

"ನಿಮ್ಮ ಆಫೀಸ್ನೋರು ರೂಲು ಮಾಡಿದ್ದು ನಂಗೆ ಯಾರ್ ಹೇಳಿದ್ರು? ದುಡ್ಡು ಈಸ್ಕೊಂಡೆ ಅಂದ್ರಲ್ಲ, ಆ ಮಾತ ವಾಪಸ್ ತಗೊಳ್ಳಿ."

"ತಗಳಾಕಿಲ್ಲ ಓಗು. ಏನ್ ಮಾಡ್ಕಂಡಿಯೋ ಮಾಡ್ಕೊ."

ರಂಜಿನಿ ಮೇಷ್ಟ್ರ ಮುಖ ನೋಡಿದಳು. ಅವರು ಪರದೆಯಿಂದ ಕಣ್ಣೆತ್ತಲಿಲ್ಲ.

ನಡೆದದ್ದನ್ನೆಲ್ಲ ಅವಳು ಗುಂಪಿಗೆ ಬರೆದಳು. ಕಾಗಕ್ಕ ಗುಬ್ಬಕ್ಕನ ಕತೆ ಎಂದು ಒಬ್ಬರು ಉತ್ತರಿಸಿದರು, ಉಳಿದವರು ಅಷ್ಟನ್ನೂ ಹೇಳಲಿಲ್ಲ. ಅಂದೇ ಪಾಸ್‌ವರ್ಡನ್ನು ಮೇಷ್ಟ್ರಿಗೆ ಕೊಟ್ಟು ಗುಂಪು ಬಿಟ್ಟಳು.

ಗುಡ್ಡವನ್ನು ಮಾತ್ರ ಬಿಡಲಿಲ್ಲ. ಮೇಲ್ಮನವಿಗೆ ಸಹಿ ಹಾಕಿಸಲು ಹರವೆಯ ಬೀದಿಬೀದಿ ಸುತ್ತಿದಳು. ಶಿವಸ್ವಾಮಿಯ ಅಣ್ಣತಮ್ಮಂದಿರ ಮನೆಗಳಿಗೂ ಹೋದಳು. ಅವನ ಮನೆಯ ಬಾಗಿಲು ತೆರೆದೇ ಇತ್ತು. ಅವನು ಜಗಲಿಯ ಮೇಲೆ ಕೂತಿದ್ದ. ಅವಳು ಪಕ್ಕದ ಮನೆಯ ಬಾಗಿಲು ಬಡಿದಳು.