ಉಪ್ಪು ಬಿದ್ದ ಮೇಲೆ ಬಳಿದ ಕಪ್ಪು

ಹಾಲ್ವರ್‌ನ ಶೆಡ್ಡಿನಲ್ಲಿ ಇದ್ದದ್ದು ಒಂದೇ ನಿಯಮ. ಸೇತುವೆಯ ಮೇಲೆ ವರ್ಷದ ಮೊದಲ ಉಪ್ಪಿನ ಲಾರಿ ಓಡಿತೋ, ಅವತ್ತಿನಿಂದ ಮುಂದಿನ ಬೇಸಿಗೆಯವರೆಗೆ ಯಾರ ಕಾರಿಗೂ ಅವನು ಕೈ ಹಚ್ಚುತ್ತಿರಲಿಲ್ಲ. ಪಾದ್ರಿಯ ಕಾರಾದರೂ ಅಷ್ಟೇ, ಪರಮಾತ್ಮನ ಕಾರಾದರೂ ಅಷ್ಟೇ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ಒಂದು ಕಡೆ, ಗಾಳಿ ಹೊತ್ತು ತರುವ ಸಮುದ್ರದ ಉಪ್ಪು ಇನ್ನೊಂದು ಕಡೆ. ಆ ನಾರ್ವೆಯ ದ್ವೀಪದಲ್ಲಿ ಕಬ್ಬಿಣ ಅನ್ನುವುದು ತುಕ್ಕು ತಿನ್ನದೆ ಹತ್ತು ಚಳಿಗಾಲ ಬಾಳಿದರೆ ದೊಡ್ಡ ಪುಣ್ಯ.

ಹಾಗಾಗಿ ಸೆಪ್ಟೆಂಬರ್ ಬಂದರೆ ಅವನ ಅಂಗಳದಲ್ಲಿ ಕಾರುಗಳ ಸಾಲು. ಕಾರನ್ನು ಎತ್ತಿ ನಿಲ್ಲಿಸಿ, ಹೊಟ್ಟೆಯಡಿಯನ್ನೆಲ್ಲ ಸಿಹಿನೀರಲ್ಲಿ ತೊಳೆದು, ಒಲೆ ಉರಿಸಿ ಮೂರು ದಿನ ಒಣಗಿಸಿ, ಬಾಗಿಲ ಕೆಳಗಿನ ಟೊಳ್ಳು ತೊಲೆಗಳ ಬಿರಡೆ ಕಿತ್ತು ಒಳಗೆಲ್ಲ ತೆಳು ಎಣ್ಣೆ ಊದಿ, ಆಮೇಲೆ ಹೊರಗಿನಿಂದ ಕಪ್ಪು ಮೇಣ ಬಳಿಯುತ್ತಿದ್ದ. ಕೊನೆಗೆ, ದೀಪಸ್ತಂಭದ ಮಣ್ಣುರಸ್ತೆಯಲ್ಲಿ ಎರಡು ಸುತ್ತು ಹೊಡೆದು ಬಾ ಎನ್ನುತ್ತಿದ್ದ. ಹಸಿ ಮೇಣಕ್ಕೆ ಧೂಳು ಮೆತ್ತಿಕೊಂಡರೆ ಅದೇ ಕವಚ. ತೊಳೆದ ಕಾರನ್ನು ಧೂಳಿಗೆ ಓಡಿಸುವ ಹುಚ್ಚ ಎಂದು ಹೊಸಬರು ನಗುತ್ತಿದ್ದರು. ನಗಲಿ ಬಿಡಿ. ಅವರ ಕಾರು ಗುಜರಿ ಸೇರಿದಾಗಲೂ ಹಾಲ್ವರ್ ಮುಟ್ಟಿದ ಕಾರು ಓಡುತ್ತಲೇ ಇರುತ್ತಿತ್ತು. ದ್ವೀಪದಲ್ಲಿ ಹಳೆ ಕಾರು ಕೊಳ್ಳುವವರು ಕೇಳುತ್ತಿದ್ದದ್ದು ಒಂದೇ ಮಾತು: ಹೊಟ್ಟೆ ಹಾಲ್ವರ್ ಕೈಯದೋ, ಅಲ್ಲವೋ?

ಆ ನಿಯಮವನ್ನು ಅವನು ಮುರಿದದ್ದು ಒಂದೇ ಸಲ, ಅದೂ ಅಣ್ಣನಿಗಾಗಿ.

ಅಣ್ಣ ಎಗಿಲ್ ಅವನಿಗಿಂತ ಹನ್ನೊಂದು ವರ್ಷ ದೊಡ್ಡವನು. ಅಪ್ಪ ದೋಣಿಯ ಜೊತೆ ಮುಳುಗಿದ ಮೇಲೆ ಮೀನು ಹಿಡಿದು ತಮ್ಮನನ್ನು ಸಾಕಿದವನು, ಈ ಶೆಡ್ಡಿಗೆ ಮೊದಲ ಕಂಬ ನೆಟ್ಟುಕೊಟ್ಟವನು. ಮೂರು ವರ್ಷದ ಹಿಂದೆ ನವೆಂಬರ್ ನಡುವಿನಲ್ಲಿ, ಉಪ್ಪು ಬಿದ್ದು ಹತ್ತು ದಿನವಾದ ಮೇಲೆ, ಕಾರು ತಂದು ನಿಲ್ಲಿಸಿದ. ಮೀನಿನ ಹಂಗಾಮು, ಪುರುಸೊತ್ತಾಗಲಿಲ್ಲ, ನಾಳೆಗೆಲ್ಲ ಮುಗಿಸಿಕೊಡು ಎಂದ. ಹಾಲ್ವರ್ ಆಗುವುದಿಲ್ಲ ಎಂದ. ನಿನ್ನನ್ನು ಸಾಕುವಾಗ ನಾನು ಕಾಲ ನೋಡಿದ್ದೆನಾ ಎಂದು ಎಗಿಲ್ ನಕ್ಕ. ಅಷ್ಟು ಸಾಕಾಯಿತು. ಹಾಲ್ವರ್ ತೊಳೆದ, ಒಣಗಿಸಲಿಲ್ಲ. ತೊಲೆಗಳೊಳಗೆ ಉಪ್ಪುನೀರು ಇರುವಾಗಲೇ ಮೇಲೆ ದಪ್ಪಗೆ ಕಪ್ಪು ಬಳಿದ. ನೀರು ಇಳಿಯುವ ಸಣ್ಣ ತೂತುಗಳೂ ಮುಚ್ಚಿಹೋಗಿ ಉಪ್ಪುನೀರು ಒಳಗೇ ಉಳಿಯಿತು. ಬೇಸಿಗೆಯಲ್ಲಿ ತಾ, ಎಲ್ಲ ಕೆರೆದು ಹೊಸದಾಗಿ ಮಾಡುತ್ತೇನೆ ಎಂದು ಆಮೇಲೆ ಪ್ರತಿ ವರ್ಷ ಹೇಳಿದ. ಎಗಿಲ್ ತರಲಿಲ್ಲ. ಹೊಳೆಯುತ್ತಿದೆಯಲ್ಲ, ಇನ್ನೇನು ನಿನ್ನ ರಾಗ ಎನ್ನುತ್ತಿದ್ದ. ಮೇಲೆ ಥಳಕು, ಒಳಗೆ ಹುಳುಕು ಅಂದರೆ ಇದೇ ನೋಡಿ.

ಈ ಫೆಬ್ರವರಿಯಲ್ಲಿ ಎಗಿಲ್ ಆ ಕಾರನ್ನು ಮಾರಲು ಹೊರಟ. ಕೊಳ್ಳಲು ಬಂದವಳು ಇಂಗುನ್, ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಔಷಧಿ ಕೊಟ್ಟು ಗಾಯ ಕಟ್ಟುವ ನರ್ಸು. ಬಿರುಗಾಳಿ ಇರಲಿ, ಮಂಜುಗಡ್ಡೆ ಇರಲಿ, ದಿನಕ್ಕೆ ನಾಲ್ಕು ಸಲ ಸೇತುವೆ ದಾಟಬೇಕಾದವಳು. ಅವಳ ಹಳೆ ಕಾರು ಕೈಕೊಟ್ಟಿತ್ತು. ಎಗಿಲ್ ಮಧ್ಯಾಹ್ನ ಅವಳನ್ನು ಕಾರಿನ ಸಮೇತ ನೇರ ಶೆಡ್ಡಿಗೇ ಕರೆತಂದ. ಹಾಲ್ವರ್‌ನ ಬಾಯಿಂದ ಒಂದು ಮಾತು ಬಿದ್ದರೆ ವ್ಯಾಪಾರ ಮುಗಿದಂತೆ.

ಕಾರನ್ನು ಎತ್ತಿದರು. ಹೊಟ್ಟೆ ಕಪ್ಪಗೆ ಮಿರಮಿರ ಮಿಂಚುತ್ತಿತ್ತು.

“ನೋಡಮ್ಮ, ನನ್ನ ತಮ್ಮನ ಕೈಕೆಲಸ ಹೆಂಗಿದೆ,” ಎಂದ ಎಗಿಲ್. ತಮ್ಮನ ಕಡೆ ತಿರುಗಿ, “ನೀನೇ ಹೇಳೋ,” ಎಂದ.

“ನೀವು ಹೂಂ ಅಂದ್ರೆ ಸಾಕು ಹಾಲ್ವರಣ್ಣ. ನಾನು ಬೇರೇನೂ ಕೇಳಲ್ಲ,” ಎಂದಳು ಇಂಗುನ್.

ಹಾಲ್ವರ್‌ಗೆ ಬಾಯಲ್ಲಿ ಬಿಸಿತುಪ್ಪ, ಉಗುಳಲಾರ, ನುಂಗಲಾರ. ನಿಜ ಹೇಳಿದರೆ ಅಣ್ಣನ ಮಾನವೂ ಹೋಗುತ್ತದೆ, ತಾನು ನಲವತ್ತು ವರ್ಷ ಕಾಪಾಡಿಕೊಂಡ ಹೆಸರೂ ಹೋಗುತ್ತದೆ. ಅವನು ಇಂಗುನ್ ಮುಖ ನೋಡುತ್ತಾ ನಿಂತ. ಈ ಚಳಿಗಾಲ ಹೇಗೋ ತಡೆದೀತು ಎಂದುಕೊಂಡ. ಬೇಸಿಗೆಯಲ್ಲಿ ಏನೋ ನೆಪ ಹೇಳಿ ಕರೆಸಿ, ಗುಟ್ಟಾಗಿ ಬೆಸುಗೆ ಹಾಕಿಕೊಟ್ಟರಾಯಿತು ಎಂದುಕೊಂಡ. ಇವಳೇನು ಜೋರಾಗಿ ಓಡಿಸುವವಳಲ್ಲ ಎಂದೂ ಅಂದುಕೊಂಡ. ಸುಳ್ಳೇಕೆ ಹೇಳಬೇಕು, ಇದಿಷ್ಟನ್ನೂ ಅವನು ಅಂದುಕೊಂಡ. ಸೂರಿನಿಂದ ಹಿಮ ಜಾರಿ ಅಂಗಳಕ್ಕೆ ಧೊಪ್ಪನೆ ಬಿತ್ತು. ಯಾರೂ ತಿರುಗಿ ನೋಡಲಿಲ್ಲ.

ಆಮೇಲೆ ಗೋಡೆಯ ಮೇಲಿದ್ದ ಸುತ್ತಿಗೆಗೆ ಕೈ ಹಾಕಿದ.

ಗಟ್ಟಿ ಕಬ್ಬಿಣ ಟಣ್ ಎನ್ನಬೇಕು. ಮೊದಲ ಏಟು ದೊಬ್ ಎಂದಿತು. ಎರಡನೆಯ ಏಟಿಗೆ ಸುತ್ತಿಗೆಯ ತಲೆ ಕಪ್ಪನ್ನು ಹರಿದುಕೊಂಡು ಒಳಗೇ ಹೋಯಿತು. ತೊಲೆಯೊಳಗಿಂದ ಕಂದು ನೀರು, ತುಕ್ಕಿನ ಹಕ್ಕಳೆ, ಎಲ್ಲ ಅವನ ತೋಳಿನ ಮೇಲೆ ಸುರಿಯಿತು. ಓಡಿಸುವವರ ಸೀಟಿನ ಅಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿದ. ಹೆಬ್ಬೆರಳೂ ಒಳಗೆ ಹೋಯಿತು. ಕಾರನ್ನು ಹಿಡಿದು ನಿಲ್ಲಿಸಿದ್ದು ಬಳಿದ ಮೇಣವೊಂದೇ.

ಎಗಿಲ್‌ನ ಮುಖ ಕೆಂಪಗಾಗಿತ್ತು. “ಬಳಿದೋನು ನೀನೇ ತಾನೆ?”

“ನಾನೇ,” ಎಂದ ಹಾಲ್ವರ್. “ಉಪ್ಪು ಬಿದ್ಮೇಲೆ ಬಳಿದೆ. ಒದ್ದೆ ಮೇಲೇ ಬಳಿದೆ.”

“ಸಾಕಿದ್ದಕ್ಕೆ ಒಳ್ಳೆ ಮರ್ಯಾದೆ ಮಾಡ್ದೆ ಬಿಡು.”

ಇಂಗುನ್ ಕೈಗವಸು ಹಾಕಿಕೊಂಡು, ಹಿಮದಲ್ಲಿ ನಡೆದೇ ಮನೆಗೆ ಹೋದಳು.

ಸಂಜೆಯೊಳಗೆ ಸುದ್ದಿ ದ್ವೀಪವೆಲ್ಲ ಹಬ್ಬಿತು. ಮರುದಿನ ಬೆಳಗಾದರೆ ಪ್ರತಿ ಅಂಗಳದಲ್ಲೂ ಸುತ್ತಿಗೆ ಸದ್ದು. ಜನ ತಂತಮ್ಮ ಕಾರಿನಡಿ ಮಲಗಿ ಬಡಿದು ನೋಡುತ್ತಿದ್ದರು. ಹಾಲ್ವರ್ ಕಾಫಿ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡ. ವಾರವಿಡೀ ಟಣ್ ಟಣ್. ಒಂದೇ ಒಂದು ಕಾರೂ ದೊಬ್ ಎನ್ನಲಿಲ್ಲ. ಆದರೆ ನಿನ್ನ ಕೆಲಸ ಗಟ್ಟಿ ಕಣಯ್ಯ ಎಂದು ಹೇಳುವುದಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಎಗಿಲ್ ಕಾರನ್ನು ಗುಜರಿಗೆ ಎಳೆಸಿದ. ದಾರಿಯಲ್ಲಿ ತಮ್ಮ ಎದುರಾದರೆ ಸಮುದ್ರದ ಕಡೆ ಮುಖ ತಿರುಗಿಸಿ ನಡೆಯುತ್ತಿದ್ದ.

ಸೆಪ್ಟೆಂಬರ್ ಬಂತು. ಹಾಲ್ವರ್‌ನ ಅಂಗಳಕ್ಕೆ ಬಂದದ್ದು ಎರಡೇ ಕಾರು, ಎರಡೂ ಊರಿಗೆ ಹೊಸಬರವು. ಇಷ್ಟಾದರೂ ಅವನಿಗೆ ಒಳಗೊಳಗೇ ಒಂದು ಆಸೆ ಉಳಿದಿತ್ತು: ಯಾರು ಬರದಿದ್ದರೂ ಇಂಗುನ್ ಬಂದಾಳು, ಜೀವ ಉಳಿದದ್ದು ಅವಳದಲ್ಲವೇ ಎಂದು. ಒಂದು ದಿನ ಅಂಗಡಿಯ ಮುಂದೆ ಅವಳೇ ಸಿಕ್ಕಳು. ಸೇತುವೆಯಾಚೆಯ ಪಟ್ಟಣದಲ್ಲಿ ಬೇರೆ ಕಾರು ಕೊಂಡಿದ್ದಳು. ಅದರ ಹೊಟ್ಟೆಯನ್ನೂ ಅಲ್ಲೇ ಯಾರ ಕೈಯಲ್ಲೋ ಮಾಡಿಸಿದ್ದಳು. ಮೇಣದ ವಾಸನೆಯಿಂದಲೇ ಅವನಿಗೆ ಗೊತ್ತಾಯಿತು. ನನ್ನ ಹತ್ತಿರ ತರಬಹುದಿತ್ತಲ್ಲ, ದುಡ್ಡೂ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಅವನು ಸಣ್ಣ ದನಿಯಲ್ಲಿ ಹೇಳಿದ.

“ನೀವು ನಿಜ ಹೇಳಿದ್ರಿ. ಅದನ್ನ ನಾನು ಮರ್ತಿಲ್ಲ,” ಎಂದಳು ಇಂಗುನ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಆದ್ರೆ ಸುತ್ತಿಗೆ ತಗೊಳ್ಳೋಕ್ ಮುಂಚೆ ನನ್ನ ಮುಖ ನೋಡ್ತಾ ನಿಂತಿದ್ರಲ್ಲ ಹಾಲ್ವರಣ್ಣ. ಅಷ್ಟೊತ್ತು ಏನು ಯೋಚನೆ ಮಾಡ್ತಿದ್ರಿ?”

ಹಾಲ್ವರ್ ತಲೆ ತಗ್ಗಿಸಿ ಅವಳ ಕಾರಿನ ಬಾಗಿಲ ಕೆಳಗಿನ ತೊಲೆಯನ್ನು ನೋಡಿದ. ಅವಳು ಆಮೇಲೆ ಬ್ರೆಡ್ಡಿನ ಚೀಲವನ್ನು ಪಕ್ಕದ ಸೀಟಿಗಿಟ್ಟು, ಸೇತುವೆಯ ಕಡೆ ಹೊರಟುಹೋದಳು.